ಇಳಿಯುವವರಿಗೆ ಮೊದಲು ದಾರಿ

ನನ್ನ ಹೆಂಡತಿ ಅಬ್ಬಲಿಗೆ ಹೂ ಮುಡಿಯುವುದನ್ನು ಯಾವಾಗ ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ಬಾವಿಕಟ್ಟೆಯ ಬದಿಗೆ ಅವಳೇ ನೆಟ್ಟ ಗಿಡಗಳಿದ್ದವು. ಸಂಜೆ ಹೂ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಮುಡಿಯುತ್ತಿದ್ದಳು. ಒಂದು ಸಲ ಹೂಗಳು ಗಿಡದಲ್ಲೇ ಬಾಡಿದ್ದನ್ನು ಕಂಡು, "ಎಂತಕೆ ಮುಡೀಲಿಲ್ಲ?" ಎಂದು ಕೇಳಿದ್ದೆ. "ಇನ್ಯಾರಿಗೆ ತೋರ್ಸೂಕೆ?" ಎಂದಳು. ನಾನು ನಕ್ಕು ಪೇಪರು ಮಗುಚಿದೆ. ಎರಡು ಕೈಯನ್ನೂ ತಲೆಯ ಹಿಂದಕ್ಕೆ ಎತ್ತಿ ಹಿಡಿದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕಾರವಾರದ ಆಸ್ಪತ್ರೆಯಲ್ಲಿ, ಅದೂ ಬೇರೆಯವರ ಬಾಯಿಂದ.

ನಾನು ಎಸ್ಸೆಸ್ಸೆಲ್ಸಿ ಓದಿ ಬಸ್ಸಿನ ಕಂಡಕ್ಟರನಾದವನು. ಹೆಚ್ಚಿನ ವರ್ಷ ಕಾರವಾರ ಅಂಕೋಲೆ ನಡುವೆಯೇ ಓಡಾಡಿದೆ. ಮನೆ ಹಟ್ಟಿಕೇರಿ. ಮಗ ಸೊಸೆ ನಮ್ಮ ಜೊತೆಯೇ ಇದ್ದಾರೆ, ಇಬ್ಬರೂ ಬೆಳಿಗ್ಗೆ ಅಂಕೋಲೆಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಾರೆ. ಹಗಲು ಮನೆಯಲ್ಲಿ ನಾನು, ಅವಳು, ಅವಳ ಉಸಿರಿನ ಸದ್ದು. ಆ ಸದ್ದಿನ ಪಕ್ಕದಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಂಬಳದ ಮನೆಯಾದರೂ ಗದ್ದೆ ಬಿಟ್ಟವರಲ್ಲ. ಮನೆಯ ಭತ್ತ, ಮನೆಯಲ್ಲೇ ಬೇಯಿಸಿದ ಕುಚ್ಚಲಕ್ಕಿ. ಅಂಗಡಿಯ ಅಕ್ಕಿ ತಿನ್ನುವುದು ನನಗೆ ಅವಮಾನದ ಸಂಗತಿ. ಹಿತ್ತಲ ಕಡೆ ಗೋಡೆಗೆ ತಾಗಿಸಿ ಇಳಿಸಿದ ಮಾಡಿನ ಕೆಳಗೆ ದೊಡ್ಡ ಹಂಡೆ ಇಟ್ಟು, ಬೆಳಗಾಗುವ ಮೊದಲೇ ಎದ್ದು ಅವಳು ಭತ್ತ ಬೇಯಿಸುತ್ತಿದ್ದಳು. ಉರಿಗೆ ತೆಂಗಿನ ಸಿಪ್ಪೆ, ತೆಂಗಿನ ಗರಿಯ ಒದ್ದೆ ಮಡ್ಲು, ಸಮುದ್ರ ದಂಡೆಯಿಂದ ಗುಡಿಸಿ ತಂದ ಗಾಳಿಮರದ ಸೂಜಿ ಎಲೆ. ಮಳೆಗಾಲದಲ್ಲಿ ಇರಚಲು ಹೊಡೆಯಬಾರದೆಂದು ಸುತ್ತ ತಟ್ಟಿ ಕಟ್ಟುತ್ತಿದ್ದದ್ದು ನಾನೇ. ಹೊಗೆಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಆ ಮಾಡಿನಿಂದ ಅವಳು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದರೆ ಸೀರೆಯಿಂದಲೂ ಹೊಗೆ ಏಳುತ್ತಿತ್ತು.

ಗ್ಯಾಸು ಬರಲಿಲ್ಲವೇ? ಬಂತು. ನಾನೇ ತಂದೆ. ಅಂಚಿಗೆ ಕಸೂತಿ ಹಾಕಿದ ಬಟ್ಟೆ ಮುಚ್ಚಿ ಇಟ್ಟದ್ದು, ನೆಂಟರು ಬಂದಾಗ ಚಾ ಮಾಡಲು. ಒಮ್ಮೆ ಅವಳು ಅದರ ಮೇಲೆ ಗಂಜಿ ಬೇಯಿಸಿದಳು. ನಾನು ಒಂದು ತುತ್ತು ಬಾಯಿಗೆ ಇಟ್ಟು, ಬಟ್ಟಲು ಸರಿಸಿ, "ಇದು ಗಂಜಿಯಾ, ಆಸ್ಪತ್ರೆ ನೀರಾ?" ಎಂದೆ. ಅವಳು ಮತ್ತೆ ಒಲೆಯ ಮುಂದೆ ಕೂತು ಊದುಗೊಳವೆ ಕೈಗೆ ತೆಗೆದುಕೊಂಡಳು. ಆ ಒಂದು ಬಟ್ಟಲು ಗಂಜಿಯನ್ನು ನಾನು ಸುಮ್ಮನೆ ಉಂಡು ಏಳಬಹುದಿತ್ತು.

ಅವಳಿಗೆ ನಡೆದರೆ ಏದುಸಿರು ಬರುವುದು ಶುರುವಾದಾಗ ನಾನು ಅದನ್ನು ಮೈಗಳ್ಳತನ ಎಂದೇ ತಿಳಿದೆ. ಕೂತಾಗ ಏನೂ ಇಲ್ಲ, ನಗುತ್ತಾಳೆ, ಮಾತಾಡುತ್ತಾಳೆ. ಕೊಡ ಎತ್ತಿ ಬಾವಿಯಿಂದ ಬರುವಾಗ ಮಾತ್ರ ಅರ್ಧದಲ್ಲಿ ನಿಂತು ಬಿಡುತ್ತಾಳೆ. ಕೂತಾಗ ಇಲ್ಲದ ಕಾಯಿಲೆ ಎದ್ದಾಗ ಎಲ್ಲಿಂದ ಬರುತ್ತದೆ? ಪಕ್ಕದ ಮನೆಯಾಕೆಯ ಮುಂದೆಯೇ ಹೇಳಿದ್ದೆ, "ನಮ್ಮ ಮನೆ ಗಾಡಿಗೆ ಇಳಿಜಾರು ಇದ್ರೆ ಓಡ್ತದೆ, ಏರು ಬಂದ್ರೆ ದೂಡ್ಬೇಕು." ಆಕೆಯೂ ನಕ್ಕಳು. ನನ್ನ ಹೆಂಡತಿಯೂ ನಕ್ಕಳು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ಆಗ ನಮ್ಮಲ್ಲಿ ಒಂದು ಚಾಳಿ ಇತ್ತು. ಕಂಡಕ್ಟರನ ಮನೆಯವರು ಬಸ್ಸಿಗೆ ಬಂದರೆ ಉಳಿದ ಕಂಡಕ್ಟರುಗಳು ಆಡಿಕೊಳ್ಳುತ್ತಿದ್ದರು. "ಹೆಂಡ್ತಿ ಕೈ ಅಡ್ಡ ಹಿಡಿದ್ರೆ ಬಸ್ಸು ಅವಳ ತವರುಮನೆ ಅಂಗಳಕ್ಕೂ ಹೋಗ್ತದೆ" ಎನ್ನುತ್ತಿದ್ದರು. ಆ ಮಾತು ನನ್ನ ಮೇಲೆ ಬರಬಾರದೆಂದು ನನಗೆ ಭಾರೀ ಹಟ. ನನ್ನ ಬಸ್ಸಿನಲ್ಲಿ ಅವಳು ಉಳಿದ ಎಲ್ಲರಿಗಿಂತ ಹೊರಗಿನವಳು.

ಅವತ್ತು ಅವಳು ಮಂಜಗುಣಿಯ ಅಕ್ಕನ ಮನೆಗೆ ಹೊರಟಿದ್ದಳು. ಈ ಅಕ್ಕನೇ ಅವಳನ್ನು ಸಾಕಿದವಳು, ತಾಯಿಯ ಹಾಗೆ. ಬಸ್ಸು ಹಟ್ಟಿಕೇರಿ ಸ್ಟಾಪಿನಲ್ಲಿ ನಿಂತಿತ್ತು. ಇಬ್ಬರು ಇಳಿದರು, ಮೂವರು ಹತ್ತಿದರು. ನಾನು ಬಾಗಿಲಿನಲ್ಲಿ ನಿಂತು ತಿರುಗಿ ನೋಡಿದೆ. ನಮ್ಮ ಮನೆಯ ಓಣಿಯ ಬಾಯಲ್ಲಿ ಅವಳು ಬರುತ್ತಿದ್ದಳು, ಸೊಂಟದಲ್ಲಿ ಅಕ್ಕನಿಗೆಂದು ಅಕ್ಕಿಯ ಗಂಟು. ಓಡಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಎರಡು ಹೆಜ್ಜೆ ಓಡಿ, ನಿಂತು, ಒಂದು ಕೈ ಮೇಲೆ ಮಾಡಿದಳು. ಡ್ರೈವರು ಒಳಗಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಸೀಟಿ ಊದಿದೆ. ಬಸ್ಸು ಹೊರಟಿತು.

ಸಂಜೆ ಜಗಲಿಯಲ್ಲಿ ಅಕ್ಕಪಕ್ಕದವರು ಕೂತಿದ್ದಾಗ ನಾನು, "ಇವತ್ತು ನಮ್ಮ ಸ್ಟಾಪಿನಲ್ಲಿ ಒಂದು ಗಬ್ಬದ ಎಮ್ಮೆ ಬಸ್ಸಿನ ಹಿಂದೆ ಬಿದ್ದಿತ್ತಂತೆ, ಡ್ರೈವರ್ ಹೇಳ್ದ. ನಾನು ಟಿಕೆಟ್ ಹರಿಯೂದ್ರಲ್ಲಿದ್ದೆ, ನೋಡ್ಲಿಲ್ಲ" ಎಂದೆ. ಎಲ್ಲರೂ ನಕ್ಕರು. ಒಳಗಿನಿಂದ ಅವಳ ಕೆಮ್ಮು ಕೇಳಿಸಿತು. ಅವಳು ಆ ದಿನ ಅಕ್ಕನ ಮನೆಗೆ ಹೋಗಲೇ ಇಲ್ಲ, ಗಂಟು ಹಿಡಿದು ಮನೆಗೆ ವಾಪಸ್ಸು ಬಂದಿದ್ದಳು. ನಾನು ನೋಡಲಿಲ್ಲ ಎಂಬ ಸುಳ್ಳನ್ನು ಆಮೇಲೆ ಎಷ್ಟು ಸಲ ಹೇಳಿದೆನೋ. ಹೇಳಿ ಹೇಳಿ ನನಗೇ ನಿಜವೆನಿಸಲು ಶುರುವಾಗಿತ್ತು.

ನಿವೃತ್ತನಾದ ಮೇಲೆ ಒಂದು ಮಳೆಗಾಲ ಅವಳಿಗೆ ಬಚ್ಚಲಿಂದ ಅಡಿಗೆ ಮನೆಗೆ ಬರುವುದೂ ಕಷ್ಟವಾಯಿತು. ಸೊಸೆ ಹಟ ಹಿಡಿದು ಕಾರವಾರಕ್ಕೆ ಕರೆದೊಯ್ದಳು. ಅಲ್ಲಿ ಡಾಕ್ಟರು ಅವಳ ಬಾಯಿಗೆ ಒಂದು ಕೊಳವೆ ಕೊಟ್ಟು, "ಜೋರಾಗಿ ಊದಿ ಅಮ್ಮಾ, ಇನ್ನೂ, ಇನ್ನೂ" ಎಂದರು. ಅವಳು ಕಣ್ಣು ಹೊರಗೆ ಬರುವಂತೆ ಊದಿದಳು.

"ಬೀಡಿ ಸಿಗರೇಟು ಏನಾದ್ರೂ ಇತ್ತಾ?" ಎಂದರು ಡಾಕ್ಟರು.

"ಬೀಡಿ ಸೇದಿದ್ದು ಇವ್ರು. ಹೊಗೆ ಕುಡಿದದ್ದು ನಾನು" ಎಂದಳು ಅವಳು. ಡಾಕ್ಟರು ನಗಲಿಲ್ಲ. ಒಲೆ ಯಾವುದು, ಎಷ್ಟು ವರ್ಷ ಎಂದು ಕೇಳುತ್ತಾ ಹೋದರು. ಅವಳು ಭತ್ತ ಬೇಯಿಸುವ ಮಾಡಿನ ವಿಷಯ ಹೇಳಿದಳು, ತಟ್ಟಿಯ ವಿಷಯ ಹೇಳಿದಳು. ತಟ್ಟಿ ಕಟ್ಟಿದವರು ಯಾರೆಂದು ಮಾತ್ರ ಹೇಳಲಿಲ್ಲ.

ಕೂತಾಗ ಇಲ್ಲದ್ದು ನಡೆದಾಗ ಯಾಕೆ ಬರುತ್ತದೆ ಎಂದು ನಾನು ಕೇಳಿದೆ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಶ್ವಾಸಕೋಶದ ಸಣ್ಣ ದಾರಿಗಳು ಊದಿಕೊಂಡು ಕಿರಿದಾಗಿವೆ. ಗಾಳಿ ಒಳಗೆ ಹೋಗುವುದು ಹೇಗೋ ಹೋಗುತ್ತದೆ, ಹೊರಗೆ ಬರಲು ಹೊತ್ತು ಬೇಕು. ಕೂತಾಗ ಆ ಹೊತ್ತು ಸಿಗುತ್ತದೆ. ನಡೆದರೆ ಮೈ ಹೆಚ್ಚು ಗಾಳಿ ಕೇಳುತ್ತದೆ, ಉಸಿರು ಬೇಗ ಬೇಗ ಆಗುತ್ತದೆ. ಹಳೆಯ ಗಾಳಿ ಪೂರ್ತಿ ಹೊರಗೆ ಬರುವ ಮೊದಲೇ ಹೊಸದು ಒಳಗೆ ನುಗ್ಗುತ್ತದೆ. ಎದೆ ತುಂಬಿಕೊಂಡೇ ಉಳಿಯುತ್ತದೆ, ಇನ್ನು ಎಳೆದುಕೊಳ್ಳಲು ಒಳಗೆ ಜಾಗವೇ ಇಲ್ಲ. ಕೈ ಎತ್ತಿ ತಲೆ ಬಾಚಿದರೂ, ಹೂ ಮುಡಿದರೂ ಇದೇ ಪಾಡು ಎಂದರು.

ಇದನ್ನು ನನಗಿಂತ ಚೆನ್ನಾಗಿ ಯಾರು ತಿಳಿಯಬೇಕು? ಅಂಕೋಲೆ ಸಂತೆಯ ದಿನ ಬಾಗಿಲಲ್ಲಿ ನಿಂತು, "ಇಳಿಯುವವರಿಗೆ ಮೊದಲು ದಾರಿ ಬಿಡಿ" ಎಂದು ಗಂಟಲು ಹರಿದುಕೊಂಡವನು ನಾನು. ಇಳಿಯುವವರು ಇಳಿಯದೆ ಹತ್ತುವವರು ನುಗ್ಗಿದರೆ ಬಸ್ಸಿನೊಳಗೆ ಏನಾಗುತ್ತದೆ ಎಂದು ಬಲ್ಲೆ. ಸ್ಟಾಪುಗಳು ಹತ್ತಿರ ಹತ್ತಿರವಾದಷ್ಟೂ ಅದು ಕೆಡುತ್ತದೆ, ಕೊನೆಗೆ ಒಂದು ಮಗು ಹತ್ತಲೂ ಜಾಗವಿರುವುದಿಲ್ಲ. ಇಷ್ಟು ವರ್ಷ ಆ ಸ್ಥಿತಿಯನ್ನು ಎದೆಯೊಳಗೆ ಇಟ್ಟುಕೊಂಡು ಅವಳು ನನ್ನ ಮನೆಗೆ ನೀರು ಹೊತ್ತಿದ್ದಳು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಇನ್ನು ಇವಳಿಂದ ಒಂದು ಕೆಲಸವನ್ನೂ ಮಾಡಿಸಬಾರದು. ಮರುದಿನದಿಂದ ನೀರು ನಾನು ಸೇದಿದೆ, ಅಂಗಳ ನಾನು ಗುಡಿಸಿದೆ. ಗ್ಯಾಸಿನ ಮೇಲಿನ ಬಟ್ಟೆ ಕಿತ್ತು ಗಂಜಿಯನ್ನೂ ನಾನೇ ಬೇಯಿಸಿದೆ. ಅವಳಿಗೆ ಜಗಲಿಯಲ್ಲಿ ಕುರ್ಚಿ ಹಾಕಿದೆ. ಎದ್ದರೆ ಸಾಕು, "ಕೂತ್ಕೊ, ಕೂತ್ಕೊ, ಎಂತಾ ಬೇಕು ಹೇಳು" ಎಂದು ಓಡಿ ಬರುತ್ತಿದ್ದೆ. ಪಕ್ಕದ ಮನೆಯಾಕೆ, "ಭಾವ, ನಿಮ್ಮಂತಾ ಗಂಡ ಪುಣ್ಯ ಮಾಡಿದ್ರೆ ಸಿಗೂದು" ಎಂದಾಗ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಪಾಪ ತೊಳೆಯುವುದು ಇಷ್ಟು ಸುಲಭವೇ ಎಂದು ಅನುಮಾನ ಪಡಬೇಕಿತ್ತು. ಪಡಲಿಲ್ಲ.

"ನಂಗೆ ಒಂದು ಚೂರು ಕಾಯಾದ್ರೂ ತುರಿಯೂಕೆ ಕೊಡಿ ಮಾರಾಯ್ರೆ" ಎಂದು ಅವಳು ಕೇಳಿಕೊಳ್ಳುತ್ತಿದ್ದಳು. ನಾನು ಕೊಡುತ್ತಿರಲಿಲ್ಲ.

ಹಾಗೆ ಒಂದು ವರ್ಷಕ್ಕೂ ಹೆಚ್ಚು ಕಳೆಯಿತು. ಜ್ವರ ಕಫ ಹೆಚ್ಚಾಗಿ ಮತ್ತೆ ಅದೇ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿದ ಮೇಲೆ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಬಂದು, ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದಳು. ನನ್ನ ಹೆಂಡತಿಗೆ ಏಳಲಾಗಲಿಲ್ಲ. ಉಸಿರು ಕಟ್ಟಿದ್ದಲ್ಲ, ಕಾಲಿಗೇ ಬಲವಿರಲಿಲ್ಲ. ಹುಡುಗಿ ಅವಳ ಸೀರೆ ಸ್ವಲ್ಪ ಸರಿಸಿ ಮೊಣಕಾಲಿನ ಮೇಲಿನ ಮಾಂಸ ಮುಟ್ಟಿ ನೋಡಿದಳು. ಗದ್ದೆ ನೆಟ್ಟ ಕಾಲು, ಬಿದಿರು ಕೋಲಿನ ಹಾಗಾಗಿತ್ತು.

"ಮನೇಲಿ ಕೆಲಸ ಏನಾದ್ರೂ ಮಾಡ್ತಾರಾ ಅಜ್ಜಾ?"

"ಛೇ, ಒಂದು ಕಡ್ಡಿ ಎತ್ತೂಕೆ ಬಿಡೂದಿಲ್ಲ ನಾನು. ಎಲ್ಲಾ ನಾನೇ" ಎಂದೆ, ಹೆಮ್ಮೆಯಿಂದ.

ಆ ಹುಡುಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೂತಲ್ಲೇ ಕೂತ್ರೆ ಕಾಲು ಸೊರಗ್ತದೆ ಅಜ್ಜಾ. ಸೊರಗಿದ ಕಾಲಿಗೆ ಅಷ್ಟೇ ದೂರ ನಡೆಯೂಕೂ ಮೊದಲಿಗಿಂತ ಹೆಚ್ಚು ಗಾಳಿ ಬೇಕು. ಅಷ್ಟು ಗಾಳಿ ಕೊಡೂಕೆ ಇವ್ರ ಎದೆಗೆ ಆಗೂದಿಲ್ಲ. ಉಬ್ಬಸ ಬರ್ತದೆ, ಹೆದರ್ತಾರೆ, ಮತ್ತೆ ಕೂತ್ಕೊಳ್ತಾರೆ. ಎದೆ ಹಾಳಾದದ್ದು ಮೊದಲಿನಂತೆ ಆಗೂದಿಲ್ಲ. ಕಾಲನ್ನಾದ್ರೂ ಉಳಿಸ್ಕೊಳ್ಬೇಕಲ್ಲ?"

"ಕೇಳಿಸ್ತಾ?" ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡದೆ.

ಕೇಳಿಸಿತು. ಮೊದಲು ನನ್ನ ಬಾಯಿರುಚಿಗೆ ಅವಳ ಎದೆ ಹೋಯಿತು. ಆಮೇಲೆ ನನ್ನ ಪಶ್ಚಾತ್ತಾಪಕ್ಕೆ ಅವಳ ಕಾಲು ಹೋಯಿತು.

ಮನೆಗೆ ಬಂದ ಕೆಲವು ದಿನಕ್ಕೆ ಮಂಜಗುಣಿಯಿಂದ ವಿಡಿಯೋ ಫೋನು ಬಂತು. ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಆಕೆಯ ಮೊಮ್ಮಗಳು ಫೋನನ್ನು ಮುಖದ ಎದುರು ಹಿಡಿದಿದ್ದಳು. "ನೀ ಬರೂದೂ ಇಲ್ಲ, ನಾ ಸಾಯೂದೂ ಇಲ್ಲ. ಯಾರಾದ್ರೂ ಒಬ್ರು ಮೊದ್ಲು ಮಾಡ್ವಾ" ಎಂದಳು ಅಕ್ಕ. ಇಬ್ಬರೂ ನಕ್ಕರು, ಇಬ್ಬರಿಗೂ ಕೆಮ್ಮು ಬಂತು.

ನಾನು ಬಾಡಿಗೆ ರಿಕ್ಷಾ ತರುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ರಿಕ್ಷಾದಲ್ಲಿ ಎತ್ತಾಕಂಡು ಹೋದ್ರೆ ಅಕ್ಕ ಎಂತಾ ಎಣಿಸ್ತಾಳೆ? ನನ್ಕಿಂತ ಮೊದ್ಲು ಇವ್ಳೇ ಹೋಗ್ತಾಳೆ ಅಂತ ಎದೆ ಒಡ್ಕೊಳ್ತಾಳೆ. ನಾ ನಡ್ದೇ ಬಂದೆ ಅಂತ ಅವಳ ಹತ್ರ ಹೇಳ್ಬೇಕು. ಬಸ್ಸಿಗೇ ಬರ್ತೆ." ಅಕ್ಕನಿಗೆ ಎಷ್ಟು ದಿನವಿತ್ತೋ ಯಾರಿಗೂ ಗೊತ್ತಿರಲಿಲ್ಲ. ಇವಳ ಕಾಲಿಗೆ ಬಲ ಬರಲು ಎಷ್ಟು ದಿನ ಬೇಕೋ ಅದೂ ಗೊತ್ತಿರಲಿಲ್ಲ. ಯಾವುದು ಮೊದಲು ಎಂಬುದೇ ನನ್ನ ಹೆದರಿಕೆ.

ನಡಿಗೆ ಅಂಗಳದಿಂದ ಶುರುವಾಯಿತು. ತುಟಿ ಕೂಡಿಸಿ, ಬಿಸಿ ಗಂಜಿ ಆರಿಸಿದ ಹಾಗೆ, ನಿಧಾನ ಉಸಿರು ಬಿಡಬೇಕೆಂದು ಆ ಹುಡುಗಿ ಹೇಳಿಕೊಟ್ಟಿದ್ದಳು. ಹಾಗೆ ಬಿಟ್ಟರೆ ಒಳಗಿನ ಗಾಳಿಗೆ ಹೊರಬರಲು ಹೊತ್ತು ಸಿಗುತ್ತದಂತೆ. ನಾನು ತೋರಿಸಲು ಹೋದರೆ ಅವಳು, "ಇದನ್ನ ನಂಗೆ ಕಲ್ಸೂದಾ? ಊದುಗೊಳವೆ ಹಿಡ್ಕಂಡು ಇಷ್ಟು ವರ್ಷ ನಾ ಎಂತಾ ಮಾಡಿದ್ದು?" ಎಂದಳು. ನನಗೆ ನಗಲು ಆಗಲಿಲ್ಲ. ಅಂಗಳದಿಂದ ಓಣಿಗೆ, ಓಣಿಯಲ್ಲಿ ಪಕ್ಕದ ಮನೆಯ ಈಶಾಡ ಮಾವಿನ ಮರದ ತನಕ, ಆಮೇಲೆ ಮೋರಿಯ ತನಕ. ಕೆಲವು ದಿನ ಹಿಂದಕ್ಕೇ ಬೀಳುತ್ತಿದ್ದಳು. ಮಾವಿನ ಮರವೂ ಮುಟ್ಟದೆ ಅಳುತ್ತ ವಾಪಸ್ಸು ಬಂದದ್ದುಂಟು. ಕಾಯಿ ತುರಿಯುವ ಕೆಲಸ ಈಗ ಅವಳದ್ದೇ.

ಮೋರಿ ದಾಟಿದರೆ ಏರು. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಎತ್ತರಿಸಿದ್ದರಿಂದ ಓಣಿಯ ಕೊನೆ ಈಗ ಏರಾಗಿದೆ. ಅದರ ತುದಿಯಲ್ಲಿ ಬಸ್ ಸ್ಟಾಪು.

ಹೊರಟ ದಿನ ಬೆಳಿಗ್ಗೆ ತಂಪಿತ್ತು. ಸೊಸೆ ಕೆಲಸಕ್ಕೆ ಹೋಗುವ ಮೊದಲು ಅತ್ತೆಯ ತಲೆ ಬಾಚಿ, ಅಬ್ಬಲಿಗೆ ಮುಡಿಸಿದ್ದಳು. ಮಾವಿನ ಮರದ ಬುಡದಲ್ಲಿ ನಿಂತೆವು, ಮೋರಿಯ ಕಟ್ಟೆಯ ಮೇಲೆ ಕೂತೆವು. ಅವಳು ಏರನ್ನು ನೋಡುತ್ತ ಕೂತಿದ್ದಾಗ ಕಾರವಾರದ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು.

"ನೀವು ಮುಂದೆ ಹೋಗಿ ಹಿಡೀರಿ" ಎಂದಳು.

ನಾನು ಏರು ಹತ್ತಿ ಓಡಿದೆ. ನನ್ನ ಎದೆ ನನಗೆ ಇನ್ನೂ ಓಡಲು ಬಿಡುತ್ತದೆ, ಬೀಡಿ ಸೇದಿದ ಎದೆ. ಬಸ್ಸು ನಿಂತಿತು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಬಾಗಿಲಲ್ಲಿ ಎಳೆಯ ಪ್ರಾಯದ ಕಂಡಕ್ಟರ್. "ಹತ್ತಿ ಅಜ್ಜಾ, ಎಂತಾ ಮೆಟ್ಲು ಅಳೀತಿದ್ರಾ?"

"ಒಂದು ಚೂರು ನಿಲ್ಲು ತಮ್ಮಾ. ನನ್ನ ಹೆಂಡ್ತಿ ಬರ್ತಿದ್ದಾಳೆ." ನನ್ನ ಬಾಯಿಂದ ಆ ಮಾತು ಒಂದು ಬಸ್ಸಿನ ಬಾಗಿಲಲ್ಲಿ ಬಂದದ್ದು ಅದೇ ಮೊದಲು.

ಅವನು ಬಗ್ಗಿ ನೋಡಿದ. "ಬರ್ಲಿ ಬರ್ಲಿ, ನಿಲ್ಲಿಸ್ತೆ" ಎಂದ. ನಾನು ತಿರುಗಿದೆ. ಅವಳು ಮೋರಿಯಿಂದ ಎದ್ದಾಗಿತ್ತು. ಬಸ್ಸು ನಿಂತದ್ದನ್ನು ಕಂಡಿದ್ದಳು. ಒಳಗಿನ ಜನ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು. ಹಿಂದಿನ ಸೀಟಿನಿಂದ ಯಾರೋ, "ಹೋಗುವಾ ಮಾರಾಯ್ರೆ, ಹೊತ್ತಾಯ್ತು" ಎಂದರು. ಅವಳು ಹೆಜ್ಜೆ ಬೀಸಿದಳು. ಎರಡು ಹೆಜ್ಜೆ ಓಡಿದ ಹಾಗೆ ಮಾಡಿ ನಿಂತಳು, ಮತ್ತೆ ಎರಡು. ಭುಜಗಳು ಕಿವಿಯ ತನಕ ಏರಿದ್ದವು. ಬಾಯಿ ತೆರೆದಿತ್ತು, ತುಟಿ ಕೂಡಿಸುವುದನ್ನೇ ಮರೆತಿದ್ದಳು. ಅವಳ ಎದೆಯಲ್ಲಿ ಇಳಿಯುವವರು ಇಳಿಯದೆ ಹತ್ತುವವರು ನುಗ್ಗುತ್ತಿದ್ದರು. ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಬಸ್ಸು ನಿಂತಷ್ಟು ಹೊತ್ತೂ ಅವಳು ಓಡುತ್ತಾಳೆ.

ನಾನು ಮೆಟ್ಟಿಲಿಂದ ಕಾಲು ತೆಗೆದೆ. "ನೀ ಹೋಗು ತಮ್ಮಾ."

"ಅರೆ, ಬರ್ತಿದ್ದಾರಲ್ಲ ಅಜ್ಜಿ? ನಂಗೇನು ಅವಸರ ಇಲ್ಲ."

"ನೀ ನಿಂತ್ರೆ ಅವಳು ಸಾಯ್ತಾಳೆ. ಹೋಗು."

ಅವನು ನನ್ನನ್ನು ವಿಚಿತ್ರವಾಗಿ ನೋಡಿ ಸೀಟಿ ಊದಿದ. ಅದೇ ಸದ್ದು. ಅವಳು ಏರಿನ ನಡುವೆ ನಿಂತು ಬಿಟ್ಟಳು. ಬಸ್ಸು ಹೋಗುವುದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ.

ನಾನು ಇಳಿದು ಹೋಗಿ ಅವಳ ಎರಡೂ ಕೈಗಳನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡೆ. ಅವಳು ಮುಂದಕ್ಕೆ ಬಾಗಿ ನನ್ನ ಮೇಲೆ ಭಾರ ಬಿಟ್ಟಳು. ಬೆರಳಿನ ತುದಿಗಳು ನೀಲಿಯಾಗಿದ್ದವು. ನಾನು ತುಟಿ ಕೂಡಿಸಿ ನಿಧಾನ ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳೂ ಹಾಗೇ ಬಿಡತೊಡಗಿದಳು. ಮೇಲೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

"ಮತ್ತೆ... ಬಿಟ್ರಿ" ಎಂದಳು ಕೊನೆಗೆ.

"ನೀ ಓಡಬಾರದು ಅಂತ ಬಿಟ್ಟೆ. ಇವತ್ತು ನಾನೂ ಹತ್ತಲಿಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ಅವತ್ತು ಅಕ್ಕಿ ಗಂಟು ಹಿಡ್ಕಂಡು ಬಂದಿದ್ಯಲ್ಲ, ಅವತ್ತು ನಾ ನೋಡಿದ್ದೆ. ನೋಡಿಯೇ ಸೀಟಿ ಊದಿದೆ."

ಅವಳು ಮೂರ್ನಾಲ್ಕು ಉಸಿರು ಬಿಟ್ಟಳು. "ಗೊತ್ತು."

"ಯಾವಾಗಿಂದ?"

"ಅವತ್ತಿಂದ್ಲೇ. ಊದೂಕೆ ಮೊದ್ಲು... ತಲೆ ಒಳಗೆ ಎಳ್ಕಂಡ್ರಿ."

"ಮತ್ತೆ ಒಂದು ದಿನಾನೂ ಕೇಳ್ಲಿಲ್ಲ?"

"ಜಗಳಕ್ಕೂ ಉಸಿರು ಬೇಕಲ್ಲ" ಎಂದಳು.

ಮುಂದಿನ ಬಸ್ಸು ಬರುವಷ್ಟರಲ್ಲಿ ನಾವು ಏರು ಹತ್ತಿ ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದೆವು. ಅಂಕೋಲೆಯಲ್ಲಿ ಇಳಿದು ಮಂಜಗುಣಿ ಬಸ್ಸು ಹಿಡಿದೆವು. ಅಕ್ಕನ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅಕ್ಕ ಕಣ್ಣು ಬಿಟ್ಟು, "ಎಂತದ್ರಲ್ಲಿ ಬಂದ್ಯೆ?" ಎಂದು ಕೇಳಿದಳು. "ಸ್ಟಾಪಿನ ತನಕ ನಡ್ದು, ಮತ್ತೆ ಬಸ್ಸಿಗೆ" ಎಂದಳು ಇವಳು. ನಡುವೆ ಒಂದು ಸಲವೂ ಉಸಿರು ಎಳೆದುಕೊಳ್ಳದೆ ಅಷ್ಟನ್ನು ಹೇಳಿ ಮುಗಿಸಿದಳು. ಆಮೇಲೆ ಬಹಳ ಹೊತ್ತು ಅಕ್ಕನ ಹಾಸಿಗೆಯ ಅಂಚಿಗೆ ಕೈ ಊರಿ ಬಾಗಿ ಕೂತಿದ್ದಳು. ನಾನು ಜಗಲಿಗೆ ಬಂದು ಕೂತೆ.

ಅಕ್ಕ ಆ ಮಳೆಗಾಲ ದಾಟಲಿಲ್ಲ. ಇವಳ ಕಾಯಿಲೆಯೂ ನಿಂತಿಲ್ಲ. ಚಳಿ ಬಂದಾಗಲೆಲ್ಲ ಮೋರಿಯಿಂದ ಮಾವಿನ ಮರಕ್ಕೆ ಹಿಂದೆ ಬೀಳುತ್ತಾಳೆ, ಬೇಸಿಗೆಯಲ್ಲಿ ಮತ್ತೆ ಮೋರಿಗೆ ಹೋಗುತ್ತಾಳೆ. ಹೋದ ಬಲ ಪ್ರತಿ ವರ್ಷ ಪೂರ್ತಿ ವಾಪಸ್ಸು ಬರುವುದಿಲ್ಲ ಎಂಬುದು ಇಬ್ಬರಿಗೂ ಕಾಣುತ್ತಿದೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಉತ್ತರಕ್ಕೆ ಅವಳು ತನ್ನ ಉಸಿರು ಖರ್ಚು ಮಾಡಬೇಕು.

ಮೊದಲೆಲ್ಲ ಓಣಿಯಲ್ಲಿ ನಾನು ಮುಂದೆ ನಡೆದು, ತಿರುಗಿ ತಿರುಗಿ ನೋಡುತ್ತಿದ್ದೆ. ಹಾಗೆ ನೋಡಿದರೆ ಅವಳು ಅವಸರ ಮಾಡುತ್ತಾಳೆ. ಈಗ ನಾನು ಅವಳ ಹಿಂದೆ ನಡೆಯುತ್ತೇನೆ. ಅವಳು ನಿಂತಾಗ ನಿಲ್ಲುತ್ತೇನೆ.